ಹರಟೆಕಟ್ಟೆಯಲ್ಲಿ ಜಾಹೀರಾತಿನ ವ್ಯಾಪಾರ

ಹಬ್ಬಕ್ಕೆ ಎರಡು ವಾರಗಳಿರುವಾಗ ಜಾಹೀರಾತು ಕೇಳಲು ನಾವು ಪೇಟೆಯ ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆವು. ಯಜಮಾನರು ಹಲವು ವರ್ಷಗಳಿಂದ ಹಬ್ಬದ ಸಂಚಿಕೆಗೆ ಕಾಲು ಪುಟದ ಶುಭಾಶಯ ಕೊಡುತ್ತಾ ಬಂದವರು. ಚಹಾ ತರಿಸಿದರು, ಮನೆಯವರ ಕ್ಷೇಮ ವಿಚಾರಿಸಿದರು, ಆಮೇಲೆ ಸಂಕೋಚದಿಂದಲೇ ಹೇಳಿದರು: "ಈ ಸಲ ಪತ್ರಿಕೆಗೆ ಬೇಡ ಸಾಹೇಬರೇ. ಮಗ ಮೊಬೈಲಿನಲ್ಲೇ ಹಾಕಿಸಿದ್ದಾನೆ. ನಲ್ವತ್ತು ಸಾವಿರ ಮಂದಿ ನೋಡಿದ್ದಾರಂತೆ." ಅದನ್ನು ನೋಡಿ ಅಂಗಡಿಗೆ ಬಂದವರೆಷ್ಟು ಎಂದು ಕೇಳಿದೆವು. "ಅದು ಹೇಗೆ ಗೊತ್ತಾಗುತ್ತದೆ? ಆದರೆ ನೋಡಿದ್ದಾರಂತೆ" ಎಂದರು.

ಆ 'ಅಂತೆ' ಎಂಬ ಎರಡಕ್ಷರದ ಮೇಲೆ ಜಗತ್ತಿನ ಅತಿ ದೊಡ್ಡ ವ್ಯಾಪಾರಗಳಲ್ಲಿ ಒಂದು ನಿಂತಿದೆ. ಈ ವಿಷಯದಲ್ಲಿ ನಮಗೆ ಸ್ವಾರ್ಥವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕಾಲು ಪುಟದ ಶುಭಾಶಯಗಳು ನಿಂತರೆ ಸಣ್ಣ ಪತ್ರಿಕೆಗಳ ಕಾಗದದ ಬಿಲ್ಲು ಪಾವತಿಯಾಗುವುದಿಲ್ಲ. ಓದುಗರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಲಿ. ಆದರೆ ಪ್ರಶ್ನೆ ನಮ್ಮ ಬಿಲ್ಲಿಗಿಂತ ದೊಡ್ಡದು. ಜನರು ಪರಸ್ಪರ ಮಾತಾಡಿಕೊಳ್ಳಲೆಂದು ಕಟ್ಟಿದ ಜಾಲತಾಣಗಳಲ್ಲಿ ಜಾಹೀರಾತಿನಿಂದ ಹಣ ಮಾಡುವುದು ಆರಂಭದಿಂದಲೂ ಕಷ್ಟವಾಗಿತ್ತು. ಆ ಕಷ್ಟವನ್ನು ಕಂಪೆನಿಗಳು ಯಾವ ರೀತಿ ಪರಿಹರಿಸಿಕೊಂಡವು, ಅದರ ಬೆಲೆ ತೆತ್ತವರು ಯಾರು ಎಂಬುದು ನಮ್ಮ ಮನೆಗಳಿಗೆ ಸಂಬಂಧಿಸಿದ ವಿಚಾರ.

ಗೂಗಲ್‌ನಲ್ಲಿ ಒಬ್ಬರು "ಮಕ್ಕಳ ಶಾಲೆಯ ಶೂ" ಎಂದು ಹುಡುಕಿದರೆ ಅವರಿಗೆ ಶೂ ಬೇಕಾಗಿದೆ. ಅಲ್ಲಿ ಶೂ ಅಂಗಡಿಯ ಜಾಹೀರಾತು ಕಾಣಿಸಿದರೆ ಯಾರಿಗೂ ಕಿರಿಕಿರಿಯಿಲ್ಲ, ವ್ಯಾಪಾರಿಗೂ ಲಾಭ. ಆದರೆ ಸಾಮಾಜಿಕ ಜಾಲತಾಣಕ್ಕೆ ಜನರು ಬರುವುದು ಏನನ್ನೂ ಕೊಳ್ಳಲಿಕ್ಕಲ್ಲ. ದುಬೈಯಲ್ಲಿರುವ ತಮ್ಮನ ಮಗುವಿನ ಫೋಟೋ ನೋಡಲು, ಹಳೆಯ ಸಹಪಾಠಿಯನ್ನು ಹುಡುಕಲು, ಸುಮ್ಮನೆ ಹರಟಲು ಬರುತ್ತಾರೆ. ಮದುವೆ ಮನೆಯ ಜಗಲಿಯಲ್ಲಿ ನಾಲ್ಕು ಜನ ಮಾತಾಡುತ್ತಿರುವಾಗ ಐದನೆಯವನೊಬ್ಬ ಬಂದು ಪ್ರೆಶರ್ ಕುಕ್ಕರ್ ಮಾರಲು ನಿಂತರೆ ಅವನ ಕಡೆ ಯಾರು ತಿರುಗಿ ನೋಡುತ್ತಾರೆ? ಆರಂಭದ ಜಾಲತಾಣಗಳ ಜಾಹೀರಾತಿನ ಸ್ಥಿತಿ ಇದೇ ಆಗಿತ್ತು.

ಮೈಸ್ಪೇಸ್‌ನ ಕಥೆ ಈಗಿನ ಹುಡುಗರಿಗೆ ತಿಳಿದಿರಲಿಕ್ಕಿಲ್ಲ. 2005ರಲ್ಲಿ ರೂಪರ್ಟ್ ಮುರ್ಡೋಕ್‌ರ ನ್ಯೂಸ್ ಕಾರ್ಪೊರೇಷನ್ 580 ಮಿಲಿಯ ಡಾಲರ್ ಕೊಟ್ಟು ಅದರ ಮಾತೃಸಂಸ್ಥೆಯನ್ನು ಕೊಂಡುಕೊಂಡಿತು. ಮರುವರ್ಷ ಗೂಗಲ್ ಅದರೊಂದಿಗೆ 900 ಮಿಲಿಯ ಡಾಲರುಗಳ ಜಾಹೀರಾತು ಒಪ್ಪಂದ ಮಾಡಿಕೊಂಡಿತು. ಆ ಮೊತ್ತವನ್ನು ಗಳಿಸಿಕೊಳ್ಳಲು ಪುಟದ ತುಂಬ ಜಾಹೀರಾತು ತುರುಕಲಾಯಿತು. ಜನ ಬೇಸತ್ತು ಹೊರಟು ಹೋದರು. 2011ರಲ್ಲಿ ಅದು ಸುಮಾರು 35 ಮಿಲಿಯ ಡಾಲರಿಗೆ ಮಾರಾಟವಾಯಿತು. ನಮ್ಮ ದೇಶದಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಮುಚ್ಚಿತು. ಗಿರಾಕಿಗಳಿದ್ದರೂ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ ಎಂಬ ಪಾಠವನ್ನು ಮೈಸ್ಪೇಸ್‌ನಿಂದ ಕಲಿತವರು ಫೇಸ್‌ಬುಕ್‌ನವರು.

ಅವರು ಕಲಿತದ್ದಾದರೂ ಏನು? ಜಾಹೀರಾತನ್ನು ಜಾಹೀರಾತಿನಂತೆ ತೋರಿಸಬಾರದು, ಸ್ನೇಹಿತನ ಮಾತಿನಂತೆ ತೋರಿಸಬೇಕು ಎಂಬುದನ್ನು. 2007ರ ನವೆಂಬರಿನಲ್ಲಿ ಅವರು 'ಬೀಕನ್' ಎಂಬ ವ್ಯವಸ್ಥೆಯನ್ನು ತಂದರು. ನೀವು ಬೇರೊಂದು ತಾಣದಲ್ಲಿ ಏನಾದರೂ ಕೊಂಡರೆ ಆ ಸುದ್ದಿ ತಾನಾಗಿಯೇ ನಿಮ್ಮ ಸ್ನೇಹಿತರಿಗೆಲ್ಲ ತಲುಪುತ್ತಿತ್ತು. ಅಮೆರಿಕದ ಒಬ್ಬಾತ ಪತ್ನಿಗೆ ಅಚ್ಚರಿಯ ಉಡುಗೊರೆಯೆಂದು ಗುಟ್ಟಾಗಿ ಉಂಗುರ ಕೊಂಡ. ಆತ ಅದನ್ನು ಕೊಡುವ ಮೊದಲೇ ಫೇಸ್‌ಬುಕ್ ಊರಿಗೆಲ್ಲ ಡಂಗುರ ಸಾರಿತು, ಪತ್ನಿಗೂ ತಿಳಿಯಿತು. ಜನರು ಸಿಡಿದೆದ್ದರು. ಡಿಸೆಂಬರಿನಲ್ಲಿ ಮಾರ್ಕ್ ಝುಕರ್‌ಬರ್ಗ್ ಕ್ಷಮೆ ಯಾಚಿಸಿದರು. ಮೊಕದ್ದಮೆ ನಡೆದು, 95 ಲಕ್ಷ ಡಾಲರುಗಳ ರಾಜಿಯಾಗಿ, 2009ರಲ್ಲಿ ಬೀಕನ್ ಮುಚ್ಚಿತು.

ಕಂಪೆನಿ ತಿದ್ದಿಕೊಂಡಿತೆಂದು ಅನೇಕರು ಭಾವಿಸಿದರು. ವಾಸ್ತವದಲ್ಲಿ ಅದು ತಿದ್ದಿಕೊಂಡದ್ದು ಒಂದನ್ನು ಮಾತ್ರ. ಜನರನ್ನು ಹಿಂಬಾಲಿಸುವುದನ್ನು ಅದು ಬಿಡಲಿಲ್ಲ, ಹಿಂಬಾಲಿಸುತ್ತಿರುವುದು ಅವರಿಗೆ ಕಾಣದಂತೆ ನೋಡಿಕೊಂಡಿತು ಅಷ್ಟೇ. ಗೂಗಲ್‌ನ ಜಾಹೀರಾತು ವಿಭಾಗದಲ್ಲಿ ಪಳಗಿದ ಶೆರಿಲ್ ಸ್ಯಾಂಡ್‌ಬರ್ಗ್ 2008ರಲ್ಲೇ ಫೇಸ್‌ಬುಕ್ ಸೇರಿದ್ದರು. 2010ರ ಎಪ್ರಿಲಿನಿಂದ 'ಲೈಕ್' ಗುಂಡಿ ಹೊರಗಿನ ತಾಣಗಳಲ್ಲೂ ಕಾಣಿಸಿಕೊಂಡಿತು. ಒತ್ತದಿದ್ದರೂ ಸರಿಯೇ, ಆ ಗುಂಡಿಯಿರುವ ಪುಟವನ್ನು ನೀವು ತೆರೆದಿರೆಂಬ ಸುದ್ದಿ ಅಮೆರಿಕಕ್ಕೆ ಮುಟ್ಟುತ್ತಿತ್ತು.

ಇಷ್ಟಾಗಿಯೂ 2012ರಲ್ಲಿ ಕಂಪೆನಿಯ ಪರಿಸ್ಥಿತಿ ನೋಡಿ. ಮೇ 18ರಂದು 38 ಡಾಲರಿನ ದರದಲ್ಲಿ ಶೇರು ಮಾರುಕಟ್ಟೆಗೆ ಇಳಿಯಿತು. ಕೆಲವೇ ದಿನಗಳ ಮೊದಲು, ಫೇಸ್‌ಬುಕ್ ಜಾಹೀರಾತಿನಿಂದ ಕಾರು ಮಾರಾಟವಾಗುವುದಿಲ್ಲ ಎಂಬ ಕಾರಣಕ್ಕೆ ಜನರಲ್ ಮೋಟರ್ಸ್ ತನ್ನ ವರ್ಷದ ಒಂದು ಕೋಟಿ ಡಾಲರುಗಳ ಜಾಹೀರಾತನ್ನು ಹಿಂತೆಗೆದುಕೊಂಡಿತ್ತು. ಜನರು ಮೊಬೈಲಿಗೆ ಜಾರುತ್ತಿದ್ದರು, ಮೊಬೈಲಿನಿಂದ ಕಂಪೆನಿಗೆ ಹೇಳಿಕೊಳ್ಳುವಂಥ ಆದಾಯವಿರಲಿಲ್ಲ. ಸೆಪ್ಟೆಂಬರಿಗಾಗುವಾಗ ಶೇರಿನ ಬೆಲೆ 18 ಡಾಲರಿಗಿಂತ ಕೆಳಗಿಳಿಯಿತು. ಜಾಹೀರಾತಿನ ಆದಾಯ ಎಂಬ ಸವಾಲು ನಿಜವಾಗಿ ಎದುರಾದದ್ದು ಆಗ.

ಪರಿಹಾರವಾಗಿ ಬಂದದ್ದು ಇಂದು ನಾವೆಲ್ಲ ಬೆರಳಿನಿಂದ ಉರುಳಿಸುತ್ತಿರುವ ಸುದ್ದಿಸಾಲು. ಪಕ್ಕದ ಅಂಚಿನಲ್ಲಿದ್ದ ಜಾಹೀರಾತು ಮಧ್ಯಕ್ಕೆ ಬಂತು. ಅಕ್ಕನ ಮಗಳ ಫೋಟೋ, ಊರಿನ ಮಯ್ಯಿತ್ ಸುದ್ದಿ, ಅದರ ಕೆಳಗೆ ಚಿನ್ನದಂಗಡಿ. ವ್ಯಾಪಾರಿ ತನ್ನ ಗಿರಾಕಿಗಳ ಫೋನ್ ನಂಬರುಗಳ ಪಟ್ಟಿ ಕೊಟ್ಟರೆ ಆ ಜನರನ್ನೇ ಹುಡುಕಿ ಜಾಹೀರಾತು ತೋರಿಸುವ, ಅವರನ್ನು ಹೋಲುವ ಇನ್ನಷ್ಟು ಜನರನ್ನು ಹೆಕ್ಕಿಕೊಡುವ ಉಪಾಯಗಳು ಬಂದವು. 2013ರ ಕೊನೆಗೆ ಅದರ ಜಾಹೀರಾತು ಆದಾಯದ ಅರ್ಧಕ್ಕಿಂತ ಹೆಚ್ಚು ಮೊಬೈಲಿನಿಂದಲೇ ಬರುತ್ತಿತ್ತು. 2012ರಲ್ಲಿ ಸುಮಾರು 5 ಬಿಲಿಯ ಡಾಲರ್ ಇದ್ದ ವಾರ್ಷಿಕ ಆದಾಯ, ಮೆಟಾ ಎಂದು ಹೆಸರು ಬದಲಿಸಿಕೊಂಡ ಮೇಲೆ, 2024ರಲ್ಲಿ 164 ಬಿಲಿಯ ಡಾಲರ್ ದಾಟಿತು. ಅಂದರೆ ಸುಮಾರು 14 ಲಕ್ಷ ಕೋಟಿ ರೂಪಾಯಿ. ಕರ್ನಾಟಕ ಸರಕಾರದ 2025-26ರ ಮುಂಗಡಪತ್ರದ ಗಾತ್ರವೇ 4 ಲಕ್ಷ ಕೋಟಿಗಿಂತ ತುಸು ಹೆಚ್ಚು. ಮೆಟಾದ ಆದಾಯದಲ್ಲಿ ಶೇ. 97ಕ್ಕೂ ಹೆಚ್ಚು ಪಾಲು ಜಾಹೀರಾತಿನದ್ದು.

"ಅದರಲ್ಲಿ ತಪ್ಪೇನು? ಪತ್ರಿಕೆಗಳೂ ಜಾಹೀರಾತಿನಿಂದಲೇ ಬದುಕುವುದಲ್ಲವೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪತ್ರಿಕೆಯನ್ನು ನೀವು ಓದುತ್ತೀರಿ, ಆದರೆ ಪತ್ರಿಕೆ ನಿಮ್ಮನ್ನು ಓದುವುದಿಲ್ಲ. ನಮ್ಮ ಪುಟದಲ್ಲಿ ಅಚ್ಚಾದ ಒಡವೆಯ ಜಾಹೀರಾತಿಗೆ ನಿಮ್ಮ ಮನೆಯಲ್ಲಿ ಮದುವೆಯ ವಯಸ್ಸಿನ ಮಗಳಿದ್ದಾಳೆಂದು ಗೊತ್ತಿಲ್ಲ, ನೀವು ಕಳೆದ ತಿಂಗಳು ಸಾಲಕ್ಕಾಗಿ ಅಲೆದಿರೆಂದೂ ಗೊತ್ತಿಲ್ಲ. ಅಲ್ಲಿ ಎರಡೂ ಗೊತ್ತಿರುತ್ತದೆ. ಪತ್ರಿಕೆಯಲ್ಲಿ ಎಲ್ಲರಿಗೂ ಒಂದೇ ಜಾಹೀರಾತು. ಸುಳ್ಳಿದ್ದರೆ ಊರೇ ನೋಡುತ್ತದೆ, ಸಂಪಾದಕನ ಮೇಜಿನ ಮೇಲೆ ಪತ್ರ ಬಂದು ಬೀಳುತ್ತದೆ. ಮೊಬೈಲಿನಲ್ಲಿ ನಿಮಗೆ ತೋರಿಸಿದ್ದನ್ನು ನಿಮ್ಮ ಪತ್ನಿಗೆ ತೋರಿಸಬೇಕೆಂದಿಲ್ಲ. ಮೋಸಕ್ಕೆ ಇದಕ್ಕಿಂತ ಅನುಕೂಲವಾದ ಸಂತೆ ಇನ್ನೊಂದಿದೆಯೇ?

ಇದು ನಮ್ಮ ಊಹೆಯಲ್ಲ. 2025ರ ನವೆಂಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಮೆಟಾದ ಆಂತರಿಕ ದಾಖಲೆಗಳನ್ನು ಬಯಲಿಗೆಳೆಯಿತು. ವಂಚನೆಯ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ 2024ರ ಆದಾಯದ ಸುಮಾರು ಶೇ. 10, ಅಂದರೆ 16 ಬಿಲಿಯ ಡಾಲರ್, ಬರುತ್ತದೆಂದು ಕಂಪೆನಿಯೇ ಒಳಗೊಳಗೆ ಅಂದಾಜಿಸಿತ್ತು. ಆ ಅಂದಾಜು ಸ್ಥೂಲವಾದುದು, ಅತಿಯಾಗಿ ಎಲ್ಲವನ್ನೂ ಒಳಗೊಂಡದ್ದು ಎಂದು ಕಂಪೆನಿ ಸಮರ್ಥಿಸಿಕೊಂಡಿದೆ. ಇರಲಿ. ಅದೇ ದಾಖಲೆಗಳಲ್ಲಿದ್ದ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಜಾಹೀರಾತುದಾರ ವಂಚಕನೆಂದು ಯಂತ್ರಕ್ಕೆ ಶೇ. 95ರಷ್ಟು ಖಾತರಿಯಾದರೆ ಮಾತ್ರ ಅವನನ್ನು ಹೊರಹಾಕಲಾಗುತ್ತಿತ್ತು. ಅದಕ್ಕಿಂತ ಕಡಿಮೆ ಅನುಮಾನವಿದ್ದರೆ? ಅವನಿಂದ ಹೆಚ್ಚಿನ ದರ ವಸೂಲಿ ಮಾಡಲಾಗುತ್ತಿತ್ತು! ಕಳ್ಳನೆಂದು ಸಂಶಯ ಬಂದವನನ್ನು ಸಂತೆಯಿಂದ ಓಡಿಸುವ ಬದಲು ಜಾಗದ ಬಾಡಿಗೆ ಏರಿಸುವ ಈ ನ್ಯಾಯವನ್ನು ನಮ್ಮ ಊರಿನ ಯಾವ ಸಂತೆಯಲ್ಲೂ ನಾವು ಕಂಡಿಲ್ಲ. ಷೇರು ಹೂಡಿಕೆಯ ಹೆಸರಿನಲ್ಲಿ ನಿವೃತ್ತಿಯ ಹಣ ಕಳಕೊಂಡ ಮೇಷ್ಟ್ರುಗಳ ಕಥೆ ಈಗ ಪ್ರತಿ ಪೇಟೆಯಲ್ಲೂ ಇದೆ.

ತಕ್ಕಡಿಯ ವಿಷಯಕ್ಕೆ ಬರೋಣ. ಬಟ್ಟೆ ಅಂಗಡಿಯ ಯಜಮಾನರಿಗೆ ನಲ್ವತ್ತು ಸಾವಿರವೆಂದು ಹೇಳಿದವರು ಯಾರು? ಜಾಹೀರಾತು ಮಾರಿದವರೇ. ಅಕ್ಕಿಯನ್ನು ಮಾರುವವನೇ ತೂಕದ ಕಲ್ಲನ್ನೂ ತಯಾರಿಸಿದಂತೆ. 2016ರಲ್ಲಿ ಫೇಸ್‌ಬುಕ್ ಒಂದು ತಪ್ಪನ್ನು ಒಪ್ಪಿಕೊಂಡಿತು: ಜನರು ವೀಡಿಯೋಗಳನ್ನು ನೋಡುವ ಸರಾಸರಿ ಸಮಯವನ್ನು ಅದು ಎರಡು ವರ್ಷಗಳ ಕಾಲ ಹೆಚ್ಚಾಗಿ ತೋರಿಸಿತ್ತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಲೆಕ್ಕದಿಂದ ಬಿಟ್ಟು ಸರಾಸರಿ ತೆಗೆದದ್ದರಿಂದ ಅಂಕಿ ಶೇ. 60ರಿಂದ 80ರಷ್ಟು ಉಬ್ಬಿರಬಹುದೆಂದು ಜಾಹೀರಾತು ಸಂಸ್ಥೆಯೊಂದಕ್ಕೆ ತಿಳಿಸಲಾಗಿತ್ತು. ಜಾಹೀರಾತುದಾರರು ಮೊಕದ್ದಮೆ ಹೂಡಿದರು, 2019ರಲ್ಲಿ 4 ಕೋಟಿ ಡಾಲರುಗಳಿಗೆ ರಾಜಿಯಾಯಿತು. ಅಷ್ಟರಲ್ಲಿ ವೀಡಿಯೋವೇ ಭವಿಷ್ಯವೆಂದು ನಂಬಿದ ಅಮೆರಿಕದ ಅನೇಕ ಸುದ್ದಿಸಂಸ್ಥೆಗಳು ಬರಹಗಾರರನ್ನು ಮನೆಗೆ ಕಳುಹಿಸಿಯಾಗಿತ್ತು. ಅಳತೆ ತೂಕದಲ್ಲಿ ಕಡಿಮೆ ಮಾಡುವವನ ಬಗ್ಗೆ ನಮ್ಮ ಓದುಗರಿಗೆ ನಾವು ಹೊಸತಾಗಿ ಹೇಳಬೇಕಾದುದೇನೂ ಇಲ್ಲ.

ಹಣದ ನಷ್ಟವನ್ನಾದರೂ ಸಹಿಸಬಹುದು. ಈ ವ್ಯಾಪಾರದ ಸರಕು ನಮ್ಮ ಗಮನ. ನೀವು ಹೆಚ್ಚು ಹೊತ್ತು ಕುಳಿತರೆ ಹೆಚ್ಚು ಜಾಹೀರಾತು ತೋರಿಸಬಹುದು. ಹೆಚ್ಚು ಹೊತ್ತು ಕೂರಿಸುವುದು ಹೇಗೆ? ಸಮಾಧಾನದಿಂದಿರುವ ಮನುಷ್ಯ ಫೋನ್ ಕೆಳಗಿಟ್ಟು ಮಲಗುತ್ತಾನೆ. ಸಿಟ್ಟು ಬಂದವನು ಮಲಗುವುದಿಲ್ಲ. 2017ರಿಂದ ಫೇಸ್‌ಬುಕ್‌ನ ಲೆಕ್ಕದಲ್ಲಿ ಒಂದು 'ಲೈಕ್'ಗೆ ಒಂದು ಅಂಕವಾದರೆ ಸಿಟ್ಟಿನ ಮುಖದ ಚಿಹ್ನೆಗೆ ಐದು ಅಂಕಗಳಿದ್ದವು. ಅಂದರೆ ನಿಮ್ಮನ್ನು ಸಿಟ್ಟಿಗೆಬ್ಬಿಸಿದ ಬರಹ ಹೆಚ್ಚು ಜನರ ಮುಂದೆ ಹೋಗುತ್ತಿತ್ತು. ಅದನ್ನು ಸೊನ್ನೆಗಿಳಿಸಿದ್ದು 2020ರ ಸೆಪ್ಟೆಂಬರಿನಲ್ಲಿ. ನಡುವಿನ ಮೂರು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಏನೇನು ಹರಿದಾಡಿತು, ಕೊರೋನಾದ ಹೆಸರಿನಲ್ಲಿ ಒಂದು ಸಮುದಾಯದ ತರಕಾರಿ ಗಾಡಿಗಳನ್ನು ಹೇಗೆ ಬೀದಿಯಿಂದ ಓಡಿಸಲಾಯಿತು ಎಂಬುದು ಇನ್ನೂ ಹಸಿಯಾಗಿಯೇ ಇದೆ.

ದ್ವೇಷವನ್ನು ಜಾಲತಾಣಗಳು ಹುಟ್ಟಿಸಿದವೆಂದು ನಾವು ಹೇಳುತ್ತಿಲ್ಲ. ಅದು ಮೊದಲೇ ಇತ್ತು, ಅದಕ್ಕೆ ಕಾರ್ಖಾನೆಗಳೂ ಇದ್ದವು. ಆದರೆ ದ್ವೇಷಕ್ಕೆ ಗಿರಾಕಿ ಹುಡುಕಿಕೊಟ್ಟು ದಲ್ಲಾಳಿ ಪಡೆದವರು ಯಾರೆಂಬುದನ್ನು ಕೇಳಲೇಬೇಕು. 2019ರ ಫೆಬ್ರವರಿಯಲ್ಲಿ ಫೇಸ್‌ಬುಕ್‌ನ ಸಂಶೋಧಕರೊಬ್ಬರು ಕೇರಳದ ಬಳಕೆದಾರನಂತೆ ಹೊಸ ಖಾತೆ ತೆರೆದು, ಯಂತ್ರ ಸೂಚಿಸಿದ್ದನ್ನಷ್ಟೇ ಅನುಸರಿಸಿದರು. ಮೂರೇ ವಾರಗಳಲ್ಲಿ ಅವರ ಪರದೆ ದ್ವೇಷದಿಂದ, ಸುಳ್ಳಿನಿಂದ, ಹೆಣಗಳ ಚಿತ್ರಗಳಿಂದ ತುಂಬಿತು. 2021ರಲ್ಲಿ ಫ್ರಾನ್ಸಿಸ್ ಹೌಗನ್ ಹೊರತಂದ ದಾಖಲೆಗಳಲ್ಲಿ ಇದೂ ಇತ್ತು. ಹಿಂದಿ, ಬಂಗಾಳಿ ಭಾಷೆಗಳಲ್ಲಿ ದ್ವೇಷವನ್ನು ಗುರುತಿಸುವ ವ್ಯವಸ್ಥೆ ಸಾಲದೆ ಮುಸ್ಲಿಮ್ ವಿರೋಧಿ ಬರಹಗಳು ಕಣ್ಣಿಗೇ ಬೀಳುತ್ತಿರಲಿಲ್ಲವೆಂದು ಕಂಪೆನಿಯ ಒಳಗಿನವರೇ ಬರೆದಿದ್ದರು. ಹಿಂದಿಯ ಗತಿ ಇದಾದರೆ ಕನ್ನಡದ ಗತಿ?

ಇದಕ್ಕೂ ಜಾಹೀರಾತಿನ ಲೆಕ್ಕವೇ ಉತ್ತರ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್ ಅಮೆರಿಕ ಮತ್ತು ಕೆನಡಾದ ಒಬ್ಬ ಬಳಕೆದಾರನಿಂದ ಸರಾಸರಿ 68 ಡಾಲರ್ ಗಳಿಸಿತು. ಏಷ್ಯಾ-ಪೆಸಿಫಿಕ್ ವಲಯದ ಒಬ್ಬನಿಂದ ಗಳಿಸಿದ್ದು ಐದೂವರೆ ಡಾಲರ್. ಹೌಗನ್ ದಾಖಲೆಗಳ ಪ್ರಕಾರ ಸುಳ್ಳು ಸುದ್ದಿಯನ್ನು ವರ್ಗೀಕರಿಸಲು ಮೀಸಲಿಟ್ಟದ್ದರಲ್ಲಿ ಶೇ. 87 ಪಾಲು ಅಮೆರಿಕ ಒಂದಕ್ಕೇ, ಉಳಿದ ಇಡೀ ಜಗತ್ತಿಗೆ ಶೇ. 13. ಗಿರಾಕಿಯ ಜೇಬು ನೋಡಿ ಕಾವಲುಗಾರನನ್ನು ನೇಮಿಸುವ ಪದ್ಧತಿ ಇದು. ನಮ್ಮ ಬೀದಿಗೆ ಕಾವಲುಗಾರ ಬೇಕಿಲ್ಲ, ಏಕೆಂದರೆ ನಾವು ಅಗ್ಗದ ಸರಕು.

ಜಾಹೀರಾತುದಾರರು ಮನಸ್ಸು ಮಾಡಿದರೆ ಸರಿಪಡಿಸಬಹುದೆಂದು ಕೆಲವರು ನಂಬಿದ್ದರು. 2020ರ ಜುಲೈಯಲ್ಲಿ ಸಾವಿರಕ್ಕೂ ಹೆಚ್ಚು ಕಂಪೆನಿಗಳು ದ್ವೇಷದ ವಿರುದ್ಧ ಫೇಸ್‌ಬುಕ್ ಜಾಹೀರಾತು ಬಹಿಷ್ಕರಿಸಿದವು. ಆ ವರ್ಷವೂ ಅದರ ಆದಾಯ ಏರಿ 86 ಬಿಲಿಯ ಡಾಲರಿನ ಸಮೀಪ ಹೋಯಿತು. ಕಾರಣ ಸರಳ. ಅದರ ಗಿರಾಕಿಗಳು ನೂರು ದೊಡ್ಡ ಕಂಪೆನಿಗಳಲ್ಲ, ನಮ್ಮ ಬಟ್ಟೆ ಅಂಗಡಿಯವರಂಥ ಲಕ್ಷಾಂತರ ಸಣ್ಣ ವ್ಯಾಪಾರಿಗಳು. ಅವರಿಗೆ ಬಹಿಷ್ಕರಿಸುವ ಚೈತನ್ಯವಿಲ್ಲ. ಬಹಿಷ್ಕಾರ ಫಲಿಸಿದ್ದನ್ನು ನೋಡಬೇಕಾದರೆ ಅದೇ ವರ್ಷದ ಅಕ್ಟೋಬರಿಗೆ ಬನ್ನಿ. ಮುಸ್ಲಿಮ್ ಕುಟುಂಬವೊಂದು ತನ್ನ ಹಿಂದೂ ಸೊಸೆಗೆ ಸೀಮಂತ ಮಾಡುವ ತನಿಷ್ಕ್ ಜಾಹೀರಾತನ್ನು ಜಾಲತಾಣಗಳ ಕೂಗಾಟಕ್ಕೆ ಹೆದರಿ ಹಿಂತೆಗೆಯಲಾಯಿತು. ದ್ವೇಷದ ಪಕ್ಕದಲ್ಲಿ ಜಾಹೀರಾತು ನಿಲ್ಲುತ್ತದೆ, ಪ್ರೀತಿಯನ್ನು ತೋರಿಸಿದ ಜಾಹೀರಾತಿಗೆ ಮಾತ್ರ ನಿಲ್ಲಲು ಜಾಗವಿಲ್ಲ.

ಯಾರಿಗೆ ಜಾಹೀರಾತು ಕಾಣಬಾರದು ಎಂಬುದನ್ನೂ ಈ ವ್ಯಾಪಾರ ಮಾರಿದೆ. 2016ರಲ್ಲಿ ಪ್ರೊಪಬ್ಲಿಕಾ ಎಂಬ ಅಮೆರಿಕದ ಪತ್ರಿಕಾ ಸಂಸ್ಥೆ ವಸತಿಗೆ ಸಂಬಂಧಿಸಿದ ಜಾಹೀರಾತೊಂದನ್ನು ಕರಿಯರಿಗೆ ಕಾಣದಂತೆ ಹಾಕಿ ನೋಡಿತು. ಫೇಸ್‌ಬುಕ್ ಹಣ ಪಡೆದು ಒಪ್ಪಿಕೊಂಡಿತು. ಅಲ್ಲಿ ಕಾನೂನಿದೆ, 2022ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ ರಾಜಿ ಮಾಡಿಕೊಂಡು ಕಂಪೆನಿ ತನ್ನ ವ್ಯವಸ್ಥೆ ಬದಲಿಸಬೇಕಾಯಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿ, ಹೆಸರು ಹೇಳಿದೊಡನೆ "ಈಗಷ್ಟೇ ಬೇರೆಯವರಿಗೆ ಕೊಟ್ಟೆವು" ಎಂಬ ಉತ್ತರ ಪಡೆದ ನಮ್ಮ ಹುಡುಗರಿಗೆ ಈ ಸುದ್ದಿಯ ಅರ್ಥವನ್ನು ವಿವರಿಸಬೇಕಿಲ್ಲ. ಅಲ್ಲಿ ಬಾಗಿಲು ಮುಚ್ಚಿದ್ದಾದರೂ ಕಾಣುತ್ತದೆ. ಜಾಹೀರಾತೇ ಕಾಣದವನಿಗೆ ಬಾಗಿಲು ಇತ್ತೆಂದೇ ತಿಳಿಯುವುದಿಲ್ಲ.

ಇನ್ನು, ನಮ್ಮ ಮಕ್ಕಳಿಗೂ ಇದರಲ್ಲಿ ಪಾಲಿದೆ ಎಂಬ ಆಸೆ. ಕಾಲೇಜು ಬಿಟ್ಟು 'ಚಾನೆಲ್' ಮಾಡುತ್ತೇನೆಂದು ಹಟ ಹಿಡಿದ ಹುಡುಗರ ತಂದೆಯರು ನಮ್ಮಲ್ಲಿ ಸಲಹೆ ಕೇಳುವುದುಂಟು. 2018ರಲ್ಲಿ ಯೂಟ್ಯೂಬ್ ತಂದ ನಿಯಮದಂತೆ ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಚಂದಾದಾರರಿರಬೇಕು, ಒಂದು ವರ್ಷದಲ್ಲಿ ಜನರು 4,000 ಗಂಟೆ ನೋಡಿರಬೇಕು. ಒಬ್ಬೊಬ್ಬರು ಮೂರು ನಿಮಿಷ ನೋಡುತ್ತಾರೆಂದರೂ 80,000 ಸಲ ನೋಡಿದಂತಾಯಿತು. ಇದು ಗಳಿಕೆಯಲ್ಲ, ಗಳಿಕೆಯ ಸಾಲಿನಲ್ಲಿ ನಿಲ್ಲಲು ಚೀಟಿ. ಅದು ಸಿಕ್ಕಿದ ಮೇಲೆ ಆ ವೀಡಿಯೋಗಳ ಜಾಹೀರಾತಿನ ಹಣದಲ್ಲಿ ಶೇ. 55 ಹುಡುಗನಿಗೆ, 45 ಕಂಪೆನಿಗೆ. ದರವನ್ನು ಗೊತ್ತುಪಡಿಸುವವರು ಅವರು, ಯಾವ ವೀಡಿಯೋಗೆ ಜಾಹೀರಾತು ಬೇಡವೆಂದು ತೀರ್ಮಾನಿಸುವವರೂ ಅವರೇ. ಕೆಲವರು ಗೆದ್ದಿದ್ದಾರೆ, ಅಡುಗೆ ಕಲಿಸುವ ಗೃಹಿಣಿಯರೂ ಅವರಲ್ಲಿದ್ದಾರೆ, ಅವರ ಶ್ರಮಕ್ಕೆ ನಮ್ಮ ಗೌರವವಿದೆ. ಆದರೆ ಗೆದ್ದವರ ಮುಖ ಪರದೆಯಲ್ಲಿ ಕಾಣುತ್ತದೆ, ಸೋತವರ ಮುಖ ಕಾಣುವುದು ಅವರ ತಂದೆಗೆ ಮಾತ್ರ.

ಕೊನೆಗೆ ನಮ್ಮೆಲ್ಲರ ಮನೆಯೊಳಗಿರುವ ವಾಟ್ಸ್‌ಆ್ಯಪ್. ಅದನ್ನು ಕಟ್ಟಿದ ಜಾನ್ ಕೂಮ್ ಮತ್ತು ಬ್ರಯಾನ್ ಆ್ಯಕ್ಟನ್ ಜಾಹೀರಾತನ್ನು ಒಪ್ಪದವರು. ವರ್ಷಕ್ಕೆ ಒಂದು ಡಾಲರ್ ಶುಲ್ಕ ಸಾಕೆಂದಿದ್ದರು. 2014ರಲ್ಲಿ ಫೇಸ್‌ಬುಕ್ 19 ಬಿಲಿಯ ಡಾಲರಿಗೆ ಅದನ್ನು ಕೊಂಡಿತು. 2016ರಲ್ಲಿ ಆ ಒಂದು ಡಾಲರನ್ನು ಬಿಟ್ಟುಕೊಡಲಾಯಿತು. ನಾವು ಉಚಿತವೆಂದು ಸಂತೋಷಪಟ್ಟೆವು. ಆ್ಯಕ್ಟನ್ 2017ರಲ್ಲಿ, ಕೂಮ್ 2018ರಲ್ಲಿ ಹೊರನಡೆದರು. 2025ರ ಜೂನ್‌ನಲ್ಲಿ 'ಸ್ಟೇಟಸ್' ಇರುವ ವಿಭಾಗಕ್ಕೆ ಜಾಹೀರಾತು ಬರಲಿದೆಯೆಂದು ಕಂಪೆನಿ ಪ್ರಕಟಿಸಿತು. ಒಂದು ಡಾಲರನ್ನು ಕೊಟ್ಟು ಸುಮ್ಮನಿದ್ದರೆ ಚೆನ್ನಾಗಿತ್ತೇನೋ. ಯುರೋಪಿನಲ್ಲಿ 2023ರ ನವೆಂಬರಿನಿಂದ ಜಾಹೀರಾತಿಲ್ಲದ ಫೇಸ್‌ಬುಕ್ ಬೇಕೆಂದವರಿಗೆ ತಿಂಗಳಿಗೆ ಹತ್ತು ಯೂರೋ ಬೆಲೆ ಕಟ್ಟಲಾಯಿತು. ಹಣ ಕೊಡಿ, ಇಲ್ಲವೇ ಹಿಂಬಾಲಿಸಲು ಬಿಡಿ ಎಂಬ ಈ ಷರತ್ತಿಗಾಗಿ 2025ರ ಎಪ್ರಿಲಿನಲ್ಲಿ ಯುರೋಪಿಯನ್ ಕಮಿಷನ್ 20 ಕೋಟಿ ಯೂರೋ ದಂಡ ವಿಧಿಸಿತು.

ನಮ್ಮ ಸರಕಾರ? ಆನ್‌ಲೈನ್ ಜಾಹೀರಾತಿನ ಮೇಲೆ 2016ರಿಂದ ವಿದೇಶಿ ಕಂಪೆನಿಗಳಿಗಿದ್ದ ಶೇ. 6ರ ತೆರಿಗೆಯನ್ನು 2025ರ ಎಪ್ರಿಲ್ 1ರಿಂದ ಕೈಬಿಟ್ಟಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ: ಹದಿನೆಂಟರೊಳಗಿನ ಮಕ್ಕಳನ್ನು ಹಿಂಬಾಲಿಸುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಕಾಯ್ದೆಯಾಗಿ ಎರಡು ವರ್ಷ ಕಳೆದ ಮೇಲೆ, 2025ರ ನವೆಂಬರಿನಲ್ಲಿ, ಅದರ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳನ್ನು ಪಾಲಿಸಲು ಕಂಪೆನಿಗಳಿಗೆ ಮತ್ತೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು. ಕಾಯ್ದೆ ಅಂಗೀಕಾರವಾದಾಗ ಹದಿನೈದರ ಹರೆಯದಲ್ಲಿದ್ದ ಮಗು ಆ ಗಡುವು ಮುಗಿಯುವಾಗ ಹದಿನೆಂಟು ದಾಟಿರುತ್ತದೆ.